ನೋವು ಎದ್ದುಹೋದ ಮೇಲೆ

ನೋವು ತನ್ನನ್ನು ಬಿಟ್ಟುಹೋಗಿದೆ ಎಂಬ ಸಂಗತಿ ಮಾಸ್ಟರಿಗೆ ತಿಳಿದದ್ದು ಬ್ರೆಡ್ ಕಾರ್ಖಾನೆಯಲ್ಲಿ, ಒಂದು ಕಬ್ಬಿಣದ ಟ್ರೇಯ ಕೃಪೆಯಿಂದ.

ಕಾರ್ಖಾನೆಯ ಹಿಂಬದಿಗೆ ವ್ಯಾನುಗಳು ಬಂದು ನಿಲ್ಲುವ ಒಂದು ಕಟ್ಟೆಯಿದೆ. ಯಾವ ಅಂಗಡಿಗೆ ಯಾವ ಟ್ರೇ ಎಂದು ನೋಡಿ ವ್ಯಾನಿಗೆ ಏರಿಸುವುದು ಅವನ ಹಗಲಿನ ಕೆಲಸ. ಸಂಜೆಯಾದರೆ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕರಾಟೆ ಕಲಿಸುತ್ತಾನೆ. ಹಾಗಾಗಿ ಕಾರ್ಖಾನೆಯವರೂ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಾರೆ, ಬಹುವಚನದಲ್ಲೇ ಮಾತಾಡಿಸುತ್ತಾರೆ. ಕಥೆ ಹೇಳುವವರಿಗೆ ಅಷ್ಟು ದಾಕ್ಷಿಣ್ಯ ಇರುವುದಿಲ್ಲ. ನಮಗೆ ಏಕವಚನ ಸಾಕು.

ಅವತ್ತು ಬೆಳಿಗ್ಗೆ ತಳ್ಳುಗಾಡಿಯವನ ಕೈಜಾರಿ ಮೇಲಿನ ಟ್ರೇ ಕೆಳಗೆ ಬಿತ್ತು. ಬಿದ್ದದ್ದು ನೆಲದ ಮೇಲಲ್ಲ, ಮಾಸ್ಟರ್‌ನ ಎಡಗಾಲಿನ ಮೇಲೆ, ಅದೂ ಅಂಚು ಕೆಳಗಾಗಿ. ಕ್ಯಾನ್ವಾಸ್ ಬೂಟಿನ ಮೂತಿ ಹರಿದು ಬಾಯಿ ಬಿಟ್ಟಿತು. ಸುತ್ತ ಇದ್ದವರೆಲ್ಲ "ಅಯ್ಯೋ" ಎಂದು ತಮಗೇ ಪೆಟ್ಟಾದ ಹಾಗೆ ಕಾಲೆತ್ತಿ ಕುಣಿದರು. ಮಾಸ್ಟರ್ ಮಾತ್ರ ಕೈಯಲ್ಲಿದ್ದ ಪೆನ್ನನ್ನೂ ಅಲುಗಿಸದೆ, "ಟ್ರೇ ಬೆಂಡಾಗಿದೆಯಾ ನೋಡು" ಎಂದ.

"ಮಾಸ್ಟರ್, ನಿಮ್ಮ ಕಾಲು!"

"ಕಾಲು ಇಲ್ಲೇ ಇದೆಯಲ್ಲಪ್ಪ. ಎಲ್ಲಿಗೆ ಹೋಗುತ್ತೆ?"

ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ನಗು ಎಂದರೆ ತುಟಿಯ ಒಂದು ತುದಿ ತುಸು ಮೇಲಕ್ಕೆ ಹೋಗಿ, ಯಾರಾದರೂ ನೋಡಿಬಿಟ್ಟಾರು ಎಂಬಂತೆ ಮತ್ತೆ ಕೆಳಗಿಳಿಯುವುದು, ಅಷ್ಟೇ. ಆದರೆ ಒಳಗೆ ಅವನ ಎದೆ ಬಡಿದುಕೊಳ್ಳುತ್ತಿತ್ತು. ಮೈಮೇಲೆ ಅಷ್ಟು ಭಾರ ಬಿದ್ದಾಗ ತಡೆದುಕೊಳ್ಳಬೇಕಾಗುತ್ತದೆ. ಅವನು ತಡೆದುಕೊಂಡಿರಲಿಲ್ಲ. ತಡೆದುಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಕೆಲಸ ಮುಗಿಸಿ, ಆ ಮಹಡಿಯ ಹಿಂಬದಿಯಲ್ಲೇ ಇರುವ ತನ್ನ ಕೋಣೆಗೆ ಬಂದವನೇ ಬಾಗಿಲು ಹಾಕಿ, ಕಾಲುಚೀಲ ಬಿಚ್ಚಿ ನೋಡಿದ. ಹೆಬ್ಬೆರಳ ಉಗುರು ನೇರಳೆ ಬಣ್ಣಕ್ಕೆ ತಿರುಗಿತ್ತು. ಒತ್ತಿದ. ಏನಿಲ್ಲ. ಬೀಗದ ಕೈಯ ತುದಿಯಿಂದ ಒತ್ತಿದ. ಏನಿಲ್ಲ. ಅಂಗಾಲಿಗೂ ಚುಚ್ಚಿ ನೋಡಿದ. ದೂರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದಂತೆ ಏನೋ ಅನ್ನಿಸಿತೇ ಹೊರತು ಅದು ತನ್ನ ಬಾಗಿಲಲ್ಲ. ಮಾಸ್ಟರ್ ಮಂಚದ ಮೇಲೆ ಕೂತ. ಐವತ್ತು ದಾಟಿದ ಗಂಡಸು, ಖಾಲಿ ಕೋಣೆಯಲ್ಲಿ, ತನ್ನ ಕಪ್ಪಾದ ಉಗುರನ್ನು ನೋಡುತ್ತ ಸಂತೋಷದಿಂದ ಕಣ್ಣು ಒರೆಸಿಕೊಂಡ.

ಈ ಸಂತೋಷ ನಮಗೆ ಅರ್ಥವಾಗಬೇಕಾದರೆ ಅವನ ಗುರುಗಳ ವಿಚಾರ ಸ್ವಲ್ಪ ಹೇಳಬೇಕು. ಅವರು ಹೋಗಿ ಬಹಳ ವರ್ಷಗಳಾದವು. ಬದುಕಿದ್ದಾಗ ಮಾತು ಕಮ್ಮಿ, ಏಟು ಜಾಸ್ತಿ. ಹಗ್ಗ ಸುತ್ತಿದ ಮರದ ಕಂಬಕ್ಕೆ ಬರಿಗಾಲಲ್ಲಿ ಒದೆಯಬೇಕು. ಜಲ್ಲಿಕಲ್ಲು ತುಂಬಿದ ಹಲಗೆಪೆಟ್ಟಿಗೆಯಲ್ಲಿ ಬರಿಗಾಲಲ್ಲಿ ನಡೆಯಬೇಕು. ಮೊಣಕಾಲಿನ ಕೆಳಗಿನ ಮುಂಗಾಲ ಎಲುಬಿನ ಮೇಲೆ ಗಾಜಿನ ಬಾಟಲಿ ಉರುಳಿಸಬೇಕು. ಹುಡುಗರು ಅತ್ತರೆ ಗುರುಗಳು ಹೇಳುತ್ತಿದ್ದದ್ದು ಒಂದೇ ಮಾತು: "ನೋವು ಕರೆಯದೆ ಬಂದ ನೆಂಟ ಕಣ್ರೋ. ಮಾತಾಡಿಸಬೇಡಿ. ಊಟಕ್ಕೆ ಏಳಿ ಅನ್ನಬೇಡಿ. ಬೇಜಾರಾಗಿ ಒಂದು ದಿನ ತಾನೇ ಎದ್ದುಹೋಗ್ತಾನೆ."

ಉಳಿದವರೆಲ್ಲ ನೆಂಟನ ಜೊತೆ ರಾಜಿಯಾದರು. ಮದುವೆಯಾದರು, ಹೊಟ್ಟೆ ಬೆಳೆಸಿದರು, ಜಲ್ಲಿಪೆಟ್ಟಿಗೆ ಮರೆತರು. ಇವನು ಮಾತ್ರ ಮುಂದುವರಿಸಿದ. ಕಲಿಯುವ ಕಾಲದಲ್ಲೇ ಜೊತೆಗಾರರು ಅವನಿಗೆ ಕಲ್ಲುಕಾಲು ಎಂದು ಹೆಸರಿಟ್ಟಿದ್ದರು, ಆ ಹೆಸರಿಗೆ ಮರ್ಯಾದೆ ತರಬೇಕಲ್ಲ. ಬೆಳಕು ಹರಿಯುವ ಮುಂಚೆ ಏಳುವುದು, ತಣ್ಣೀರ ಸ್ನಾನ, ಕಂಬ, ಪೆಟ್ಟಿಗೆ, ಬಾಟಲಿ. ಸಿಹಿಯಂತೂ ಮುಟ್ಟುವಂತೆಯೇ ಇಲ್ಲ. ಕಾರ್ಖಾನೆಯಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕ್ ಕೊಯ್ದರೆ, "ಮಾಸ್ಟರಿಗೆ ಕೊಡಬೇಡಿ, ಅವರು ತಿನ್ನಲ್ಲ" ಎಂದು ತಟ್ಟೆ ಅವನನ್ನು ದಾಟಿಕೊಂಡು ಹೋಗುತ್ತಿತ್ತು. ಮೊದಮೊದಲು ಅವನೇ ಬೇಡ ಎನ್ನುತ್ತಿದ್ದ. ಈಚೆಗೆ ಬೇಡ ಎನ್ನುವ ಅವಕಾಶವೂ ಸಿಗುತ್ತಿರಲಿಲ್ಲ. ಮದುವೆಯ ಮಾತೂ ಹೀಗೇ ಅವನನ್ನು ದಾಟಿಕೊಂಡು ಹೋಯಿತು. ಬಂದ ಒಂದೆರಡು ಸಂಬಂಧಗಳಿಗೆ, "ಮುಂದಿನ ಬೆಲ್ಟ್ ಆಗಲಿ, ನೋಡೋಣ" ಎಂದಿದ್ದ. ಬೆಲ್ಟ್ ಆಯಿತು. ನೋಡುವವರು ಇರಲಿಲ್ಲ.

ಇಷ್ಟೆಲ್ಲ ಕೊಟ್ಟು ಅವನು ಕಾದದ್ದು ಒಂದಕ್ಕೇ. ನೆಂಟ ಎದ್ದುಹೋಗುವ ದಿನಕ್ಕೆ. ಅದು ಬಂದಿತ್ತು. ಈಗ ಯಾರಿಗಾದರೂ ಹೇಳಬೇಕಿತ್ತು. ಮಾಸ್ಟರ್ ಫೋನ್ ಕೈಗೆತ್ತಿಕೊಂಡು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದ. ಟ್ರೇ ಒದಗಿಸುವವನು, ಟೈರ್ ಅಂಗಡಿಯವನು, ವಿದ್ಯಾರ್ಥಿಗಳ ತಂದೆತಾಯಿಗಳು. ನನ್ನ ಕಾಲಿಗೆ ನೋವಾಗುವುದು ನಿಂತಿದೆ ಎಂದು ಯಾವ ವಿದ್ಯಾರ್ಥಿಯ ತಾಯಿಗೆ ಹೇಳುವುದು? ಕೊನೆಗೆ ಬುಗುರಿಗೆ ಮಾಡಿದ.

ಬುಗುರಿ ಎಂದರೆ ಗುರುಗಳ ಹತ್ತಿರ ಇವನ ಜೊತೆ ಕಲಿತವನು. ಆಗ ತಿರುಗಿ ಒದೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಅದಕ್ಕೇ ಆ ಹೆಸರು. ಈಗ ದೊಡ್ಡದೊಂದು ಜಿಮ್ ಇಟ್ಟಿದ್ದಾನೆ, ಎಸಿ, ಕನ್ನಡಿ, ಹಾಡು ಎಲ್ಲ ಇದೆ.

"ಕಲ್ಲುಕಾಲು! ಏನಯ್ಯಾ, ಬದುಕಿದ್ದೀಯಾ?"

"ಗುರುಗಳು ಹೇಳ್ತಿದ್ರಲ್ಲ, ನೆಂಟ. ಎದ್ದುಹೋದ."

"ಯಾರು ಹೋದ್ರು? ಯಾವಾಗ?"

"ಯಾರೂ ಹೋಗಿಲ್ಲ. ನೋವು. ಕಾಲಲ್ಲಿ ನೋವೇ ಆಗಲ್ಲ ಈಗ."

"ಪುಣ್ಯವಂತ ಬಿಡು. ನನಗೆ ಮಂಡಿ ಹಿಡ್ಕೊಂಡು ಮೆಟ್ಟಿಲು ಹತ್ತೋಕಾಗ್ತಿಲ್ಲ. ಒಂದು ನಿಮಿಷ ಇರು, ಯಾರೋ ಬಂದ್ರು... ಭಾನುವಾರ ನಿನ್ನ ಹುಡುಗರ ಬೆಲ್ಟ್ ಪರೀಕ್ಷೆಗೆ ಬರ್ತೀನಲ್ಲ, ಆಗ ಮಾತಾಡೋಣ."

ಫೋನ್ ಇಟ್ಟಾಯಿತು. ಇಡೀ ಆಯುಷ್ಯದ ಸಾಧನೆ ಹೇಳಲು ಇಷ್ಟು ಸಾಕಾಯಿತೇ ಎಂದು ಮಾಸ್ಟರಿಗೆ ಒಂದು ಥರಾ ಆಯಿತು. ಆ ಸಂಜೆ ಪಾಠ ಮುಗಿದು ಹುಡುಗರು ಹೋದ ಮೇಲೆ ಕೋಣೆ ಎಂದಿಗಿಂತ ದೊಡ್ಡದಾಗಿ ಕಂಡಿತು. ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬುಸುಗುಡುತ್ತಿತ್ತು, ಅದನ್ನೇ ಕೇಳುತ್ತ ಕೂತ. ತುಂಬ ಬಾಯಾರಿಕೆಯಾಗಿ ಎರಡು ಸಲ ಎದ್ದು ನೀರು ಕುಡಿದ.

ಬಾಯಾರಿಕೆಯ ವಿಚಾರಕ್ಕೆ ಬಂದರೆ, ಅದು ಕೆಲವು ತಿಂಗಳಿಂದಲೂ ಇತ್ತು. ಬ್ರೆಡ್ ಬೇಯಿಸುವ ಒಲೆಗಳ ಸೆಕೆ ಎಂದುಕೊಂಡಿದ್ದ. ಮೈ ಇಳಿದಿತ್ತು. ಮೂವತ್ತರಲ್ಲಿ ಇದ್ದ ತೂಕಕ್ಕೆ ಬಂದೆನಲ್ಲ ಎಂದು ಕನ್ನಡಿ ಮುಂದೆ ನಿಂತು ಖುಷಿಪಟ್ಟಿದ್ದ. ಕಣ್ಣು ಮಂಜಾಗುತ್ತಿತ್ತು, ಅದು ವಯಸ್ಸು ಎಂದು ಬಿಟ್ಟಿದ್ದ. ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ಡಾಕ್ಟರ ಬಾಗಿಲು ತಟ್ಟುತ್ತಿದ್ದರು. ಮೈಯನ್ನು ಹದಕ್ಕೆ ತರುವವರ ಕಷ್ಟವೇ ಇದು. ಮೈ ಏನು ಹೇಳಿದರೂ ತಮ್ಮ ಶಿಸ್ತಿಗೆ ಅದು ಕೊಡುತ್ತಿರುವ ಶಹಬ್ಬಾಸ್‌ಗಿರಿ ಎಂದೇ ತಿಳಿಯುತ್ತಾರೆ.

ವಾರಕ್ಕೊಮ್ಮೆ ಅವನ ಅಕ್ಕ ಫೋನ್ ಮಾಡುತ್ತಾಳೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಅವಳ ಮನೆ. ಗಂಡ ತೀರಿಕೊಂಡಿದ್ದಾನೆ, ಮಗಳು ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದಾಳೆ. ಅಕ್ಕನ ಫೋನೆಂದರೆ ಊಟ ಆಯಿತಾ, ಏನು ಊಟ, ಮೈಗೆ ಎಣ್ಣೆ ಹಾಕಿಕೊಳ್ಳುತ್ತೀಯಾ, ಇಷ್ಟೇ. ಅವನ ಉತ್ತರವೂ ಹೂಂ, ಉಹೂಂ, ಸರಿ, ಇಡಲಾ, ಅಷ್ಟೇ. ಅವನ ಕರಾಟೆ ನೋಡಲು ಅವಳು ಒಂದು ದಿನವೂ ಬಂದಿರಲಿಲ್ಲ. "ಹೊಡೆದಾಡೋದನ್ನ ನೋಡೋಕೆ ಬಸ್ಸಿನಲ್ಲಿ ಬರಬೇಕೇನೋ? ನಮ್ಮ ಬೀದಿ ನಲ್ಲಿ ಹತ್ರ ದಿನಾ ಸಿಗುತ್ತೆ" ಎನ್ನುತ್ತಿದ್ದಳು.

ಈ ಸಲ ಅವನೇ ಮಾತು ಬೆಳೆಸಿದ.

"ಅಕ್ಕಾ, ಒಂದು ವಿಷಯ. ನನ್ನ ಕಾಲು ಗಟ್ಟಿಯಾಗಿಬಿಟ್ಟಿದೆ. ಏನು ಬಿದ್ರೂ ಗೊತ್ತಾಗಲ್ಲ. ಮೊನ್ನೆ ಕಬ್ಬಿಣದ ಟ್ರೇ ಬಿತ್ತು, ಉಗುರು ಕಪ್ಪಾಯ್ತು, ನನಗೆ ಒಂಚೂರೂ ನೋವಿಲ್ಲ."

ಆ ಕಡೆ ಅಕ್ಕ ಸುಮ್ಮನಾದಳು. ಹೆಮ್ಮೆಯಿಂದ ಮಾತು ನಿಂತಿದೆ ಎಂದುಕೊಂಡ ನಮ್ಮ ಮಾಸ್ಟರ್.

"ಬಾಯಾರಿಕೆ ಆಗುತ್ತೇನೋ?" ಎಂದಳು ಅಕ್ಕ.

"ನಾನೇನು ಹೇಳ್ತಿದ್ದೀನಿ, ನೀನೇನು ಕೇಳ್ತಿದ್ದೀಯಾ!"

"ಆಗುತ್ತಾ ಇಲ್ವಾ ಹೇಳು."

"ಆಗುತ್ತೆ. ಒಲೆ ಹತ್ರ ಕೆಲಸ ಮಾಡೋರಿಗೆ ಆಗದೆ ಇರುತ್ತಾ?"

"ಪುಟ್ಟಾ, ಅಪ್ಪನಿಗೂ ಮೊದಲು ಹೀಗೇ ಆಗಿದ್ದು. ಚಪ್ಪಲಿ ಕಾಲಿಂದ ಬಿದ್ದುಹೋದ್ರೂ ಗೊತ್ತಾಗ್ತಿರಲಿಲ್ಲ. ನಾಳೇನೇ ಹೋಗಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸ್ಕೋ."

ಮಾಸ್ಟರಿಗೆ ರೇಗಿಹೋಯಿತು. ಅಪ್ಪನ ಹೆಸರು ಬಂದರೆ ಅವನಿಗೆ ಯಾವತ್ತೂ ರೇಗುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಟ್ಟುಕೊಂಡು ತಿನ್ನುತ್ತಿದ್ದರು, ಯಾರಾದರೂ ಬಂದರೆ ಮಗುವಿನ ಹಾಗೆ ಬಾಯಿ ಒರೆಸಿಕೊಳ್ಳುತ್ತಿದ್ದರು. ಡಾಕ್ಟರು ಮೊದಲು ಕಾಲಿನ ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಬೆಳಗಾದರೆ ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಅಕ್ಕ. ಇವನು ಆ ವಾಸನೆಗೆ ಮೂಗು ಮುಚ್ಚಿಕೊಂಡು ಗುರುಗಳ ಅಂಗಳಕ್ಕೆ ಓಡುತ್ತಿದ್ದ. ಅಪ್ಪನ ಹಾಗೆ ಮಾತ್ರ ಆಗಬಾರದು ಎಂದು ಕಂಬಕ್ಕೆ ಒದೆಯುತ್ತಿದ್ದ. ಅವನ ಶಿಸ್ತೆಲ್ಲ ಹುಟ್ಟಿದ್ದು ಆ ದಿಂಬಿನ ಕೆಳಗಿನಿಂದ.

"ಅಪ್ಪನಿಗೆ ಬಂದಿದ್ದು ಬಾಯಿಚಪಲದಿಂದ," ಎಂದ. "ನಾನು ಸಕ್ಕರೆ ಮುಟ್ಟಿ ಎಷ್ಟು ವರ್ಷ ಆಯ್ತು ಗೊತ್ತಾ ನಿನಗೆ? ನಾನು ಮೈಮುರಿದು ಗಳಿಸಿದ್ದನ್ನ ತಗೊಂಡುಹೋಗಿ ಅಪ್ಪನ ಕಾಯಿಲೆಗೆ ಸೇರಿಸ್ತೀಯಲ್ಲ, ನಿನಗೆ ಯಾವತ್ತೂ ನನ್ನದು ಏನೂ ಕಣ್ಣಿಗೆ ಬಿದ್ದಿಲ್ಲ."

"ಬಿಸ್ಕತ್ತು ಒಂದ್ರಿಂದ್ಲೇ ಬರೋ ಕಾಯಿಲೆ ಅಲ್ಲ ಕಣೋ ಅದು. ರಕ್ತದಲ್ಲೇ..."

"ಇಡ್ತೀನಿ."

"ಭಾನುವಾರ ಬರ್ತೀನಿ ತಡಿ."

ಭಾನುವಾರ ಎಂದರೆ ಬೆಲ್ಟ್ ಪರೀಕ್ಷೆ. ಬರಲಿ ಎಂದುಕೊಂಡ. ಬಂದು ಕಣ್ಣಾರೆ ನೋಡಲಿ. ಅಪ್ಪನ ಕಾಲಿಗೂ ಈ ಕಾಲಿಗೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಾಗಲಿ. ಆ ವಾರವೆಲ್ಲ ಅವನು ಕಂಬಕ್ಕೆ ಎರಡರಷ್ಟು ಒದ್ದ. ಜಲ್ಲಿಪೆಟ್ಟಿಗೆಯಲ್ಲಿ ಓಡಿದ. ಒಮ್ಮೊಮ್ಮೆ ಕತ್ತಲಲ್ಲಿ ಪೆಟ್ಟಿಗೆಯಿಂದ ಈಚೆಗೆ ಬಂದು ನೆಲದ ಮೇಲೆ ನಿಂತಾಗ, ತಾನು ಇನ್ನೂ ಕಲ್ಲಿನ ಮೇಲಿದ್ದೇನೋ ನೆಲದ ಮೇಲಿದ್ದೇನೋ ತಿಳಿಯದೆ ಬಗ್ಗಿ ಕೈಯಿಂದ ಮುಟ್ಟಿ ನೋಡಬೇಕಾಗುತ್ತಿತ್ತು. ಆಗ ಮಾತ್ರ ಒಂದು ಸಣ್ಣ ಭಯ ಬಂದು ಕೂರುತ್ತಿತ್ತು. ಅದಕ್ಕೂ ಊಟಕ್ಕೆ ಏಳಿ ಎನ್ನುತ್ತಿರಲಿಲ್ಲ.

ಪರೀಕ್ಷೆಗೆ ಮುಂಚೆ ಮಾಸ್ಟರ್ ಹಲಗೆ ಒಡೆದು ತೋರಿಸುವುದು ಆ ಮಹಡಿಯ ಪದ್ಧತಿ. ಹಲಗೆಗಳು ಕಾರ್ಖಾನೆಯಿಂದಲೇ ಬರುತ್ತವೆ. ಹಿಟ್ಟಿನ ಮೂಟೆಗಳ ಅಡಿಗೆ ಇಡುವ ಮರದ ಚೌಕಟ್ಟು ಹಳೆಯದಾದರೆ ಅದನ್ನು ಬಿಚ್ಚಿ, ಮೊಳೆ ಕಿತ್ತು, ಕೊಯ್ದು ತರುತ್ತಾನೆ. ಮೊಳೆ ಕೀಳುವುದರಲ್ಲಿ ಅವನಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ಹಲಗೆಯ ಮೇಲೆ ಅಂಗೈ ಆಡಿಸಿ ನೋಡಿಯೇ ಬಿಡುತ್ತಿದ್ದ. ಈ ಸಲವೂ ಆಡಿಸಿದ. ಆದರೆ ಕಣ್ಣು ಮಂಜು, ಬೆರಳ ತುದಿಯೂ ಈಗ ಹಿಂದಿನಷ್ಟು ಚುರುಕಿಲ್ಲ. ಮರದ ಒಳಗೇ ಮುರಿದು ಉಳಿದಿದ್ದ ಒಂದು ಮೊಳೆ ತಪ್ಪಿಸಿಕೊಂಡಿತು.

ಭಾನುವಾರ ಬೆಳಿಗ್ಗೆ ಮಹಡಿಯ ಕಿಟಕಿಗಳನ್ನೆಲ್ಲ ತೆರೆದಿದ್ದರು. ನೆಲಕ್ಕೆ ಹಾಸಿದ ದಪ್ಪ ಚಾಪೆಗಳ ಮೇಲೆ ಬಿಳಿ ಕ್ಯಾನ್ವಾಸ್ ಬಟ್ಟೆ ಬಿಗಿದಿತ್ತು. ಅವನ ಹಿರಿಯ ಶಿಷ್ಯೆ, ಹೊಲಿಗೆ ಕೆಲಸ ಮಾಡುವ ಹುಡುಗಿ, ಅದನ್ನು ಒಗೆದು ಹರಿದ ಕಡೆ ತೇಪೆ ಹಾಕಿ ತಂದಿದ್ದಳು. ಒಂದು ಬದಿಯ ಬೆಂಚುಗಳಲ್ಲಿ ತಂದೆತಾಯಿಗಳು. ಮುಂದಿನ ಕುರ್ಚಿಯಲ್ಲಿ ಬುಗುರಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು. ಹಿಂದುಗಡೆ ಬಾಗಿಲ ಹತ್ತಿರ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಅಕ್ಕ. ಬಂದವಳೇ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ನೋಡಲಿ, ಚೆನ್ನಾಗಿ ನೋಡಲಿ ಎಂದುಕೊಂಡು ಅವನು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದ.

ಹಿರಿಯ ಶಿಷ್ಯೆಯೂ ಇನ್ನೊಬ್ಬನೂ ಎರಡು ಹಲಗೆಗಳನ್ನು ಜೋಡಿಸಿ ಹಿಡಿದರು. ಮಾಸ್ಟರ್ ಉಸಿರು ಕಟ್ಟಿದ. ಒದ್ದ. ಹಲಗೆಗಳು ಸಿಡಿದ ಸದ್ದಿಗೆ ಕೆಳಗಿನ ಟೈರ್ ಅಂಗಡಿಯವನು ತಲೆ ಹೊರಹಾಕಿ ನೋಡಿದನಂತೆ. ಚೂರುಗಳು ಚಾಪೆಯ ಮೇಲೆಲ್ಲ ಬಿದ್ದವು. ಚಪ್ಪಾಳೆಯೋ ಚಪ್ಪಾಳೆ. ಬುಗುರಿ, "ಕಲ್ಲುಕಾಲು ಕಣಪ್ಪಾ ಇದು, ಕಲ್ಲುಕಾಲು!" ಎಂದು ಕೂಗಿದ. ಮಾಸ್ಟರ್ ಚೂರುಗಳ ನಡುವೆ ಹೆಜ್ಜೆಯಿಟ್ಟು ನಡೆದು, ನಮಸ್ಕರಿಸಿ, ಮಕ್ಕಳ ಸಾಲಿನ ಕಡೆ ಹೋದ. ಆ ಕ್ಷಣದಲ್ಲಿ ಅವನಷ್ಟು ಸುಖಿ ಬೇರೆ ಯಾರೂ ಇರಲಿಲ್ಲ. ಆ ಸುಖ ನೋಡಿದವರಿಗೆ ಹೊಟ್ಟೆ ಉರಿಯಬೇಕಿತ್ತು. ನನಗೆ ಮಾತ್ರ, ಮುಂದಿನದು ಗೊತ್ತಿರುವುದರಿಂದ, ಕರುಳು ಚುರುಕ್ ಎನ್ನುತ್ತದೆ.

ಮೊದಲ ಸಾಲಿನ ನಿಲುವು ತಿದ್ದಿದ. ಎರಡನೇ ಸಾಲಿನಲ್ಲಿ ಒಬ್ಬಳ ಮೊಣಕೈ ಸರಿಮಾಡಿದ. ಮೂರನೇ ಸಾಲಿಗೆ ತಿರುಗುವಾಗ ಕ್ಯಾನ್ವಾಸಿನ ಮೇಲೆ ಕೆಂಪು ಹೆಜ್ಜೆ ಕಂಡಿತು. ಒಂದಲ್ಲ, ಸಾಲಾಗಿ. ಹಸಿ ರಕ್ತ.

"ನಿಲ್ಲಿಸಿ," ಎಂದ ಮಾಸ್ಟರ್. "ಯಾರ ಕಾಲಿಗೆ ಗಾಯ ಆಗಿದೆ?"

ಯಾರೂ ಕೈಯೆತ್ತಲಿಲ್ಲ. ಆ ಮಹಡಿಯಲ್ಲಿ ಅವನೇ ಮಾಡಿದ ಒಂದು ನಿಯಮವಿತ್ತು. ಪೆಟ್ಟಾದವರು ಕೈಯೆತ್ತಿ ಹೊರಗೆ ಹೋಗಬೇಕು, ಮುಚ್ಚಿಟ್ಟುಕೊಂಡು ಆಡಬಾರದು.

"ನಾನೇನು ಹೇಳಿಕೊಟ್ಟಿದ್ದೀನಿ? ಗಾಯ ಮುಚ್ಚಿಡೋದು ಧೈರ್ಯ ಅಲ್ಲ, ಸುಳ್ಳು. ಹೇಳೋಕೆ ನಾಚಿಕೆ ಪಡಬಾರದು. ಯಾರು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಶಿಷ್ಯೆ, "ಮಾಸ್ಟರ್..." ಎಂದು ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ. ಒಬ್ಬೊಬ್ಬರದೇ ಅಂಗಾಲು ತೋರಿಸಿ ಎಂದ. ಶಾಲೆಯಲ್ಲಿ ಉಗುರು ತೋರಿಸುವ ಹಾಗೆ ಮಕ್ಕಳು ಪಕ್ಕದವರ ಹೆಗಲು ಹಿಡಿದು ಒಂದೊಂದೇ ಕಾಲೆತ್ತಿ ತೋರಿಸಿದರು. ಅವನು ಬಗ್ಗಿ ಬಗ್ಗಿ ನೋಡುತ್ತ ಸಾಲಿನ ಉದ್ದಕ್ಕೂ ನಡೆದ. ಎಲ್ಲ ಪಾದಗಳೂ ಶುದ್ಧವಾಗಿದ್ದವು. ಕೊನೆಯವನೊಬ್ಬ ಸಣ್ಣವನು, ಕಾಲೆತ್ತಿದವನು ಇಳಿಸದೆ, ಮಾಸ್ಟರ್‌ನ ಹಿಂದೆ ನೆಲವನ್ನೇ ನೋಡುತ್ತ ಅಳಲು ಶುರುಮಾಡಿದ.

"ನಿನಗಾ ಪೆಟ್ಟಾಗಿರೋದು?"

ಅವನು ಅಲ್ಲ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಅಕ್ಕನ ದನಿ ಬಂತು. ಜೋರಾಗಿಯೇನೂ ಅಲ್ಲ, ಅಡುಗೆಮನೆಯಿಂದ ಕರೆಯುವ ದನಿ.

"ಪುಟ್ಟಾ. ಬಾ, ಇಲ್ಲಿ ಬಂದು ಕೂತ್ಕೋ."

ಆಗ ಅವನು ಹಿಂದೆ ತಿರುಗಿ ನೋಡಿದ. ಮೂರನೇ ಸಾಲಿನ ಉದ್ದಕ್ಕೂ, ತಾನು ನಡೆದುಬಂದ ದಾರಿಯಲ್ಲಿ, ಹೊಸ ಹೆಜ್ಜೆಗಳು. ಕೊನೆಯ ಹೆಜ್ಜೆಯ ಮೇಲೆ ಅವನ ಎಡಗಾಲೇ ನಿಂತಿತ್ತು. ಸುತ್ತ ಸಣ್ಣಗೆ ಕೆಂಪು ಹರಡುತ್ತಿತ್ತು. ಅವನು ಅದನ್ನು ನೋಡಿದ, ಬೇರೆ ಯಾರದೋ ಕಾಲನ್ನು ನೋಡಿದಂತೆ. ಮಹಡಿ ಪೂರಾ ಅದನ್ನೇ ನೋಡುತ್ತಿತ್ತು. ಬುಗುರಿ ಕುರ್ಚಿಯಿಂದ ಎದ್ದು ನಿಂತಿದ್ದ, ಈ ಸಲ ಮಂಡಿ ನೋವಿನ ಮಾತಾಡಲಿಲ್ಲ.

ಹಲಗೆಯೊಳಗಿನ ಮುರುಕು ಮೊಳೆ ಅಂಗಾಲನ್ನು ಉದ್ದಕ್ಕೆ ಸೀಳಿತ್ತು.

ಮಹಡಿಯ ಹಿಂದೆ ಅವನ ಕೋಣೆ. ಒಂದು ಮಂಚ, ಒಂದು ಕುರ್ಚಿ, ಗೋಡೆಯ ಮೇಲೆ ಗುರುಗಳ ಚಿತ್ರ, ಮೂಲೆಯಲ್ಲಿ ಜಲ್ಲಿಪೆಟ್ಟಿಗೆ. ಅಕ್ಕ ಅವನನ್ನು ಮಂಚದ ಮೇಲೆ ಕೂರಿಸಿ, ಸ್ನಾನದ ಬೋಗುಣಿಯಲ್ಲಿ ನೀರು ತಂದು, ಚೀಲದಿಂದ ಹತ್ತಿಯನ್ನೂ ಬಟ್ಟೆಯನ್ನೂ ತೆಗೆದಳು. ಬಸ್ಸು ಹತ್ತುವಾಗಲೇ ಅವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಅದನ್ನು ನೋಡಿ ಮಾಸ್ಟರ್ ಮುಖ ಆಚೆ ತಿರುಗಿಸಿದ. ತನ್ನ ಸಾಧನೆ ನೋಡಲು ಬರುತ್ತಿದ್ದಾಳೆ ಎಂದುಕೊಂಡಿದ್ದನಲ್ಲ.

ಹಿರಿಯ ಶಿಷ್ಯೆ ಬಾಗಿಲಲ್ಲಿ ಬಂದು, "ಗಾಡಿ ಕರ್ಕೊಂಡು ಬರ್ತೀನಿ ಮಾಸ್ಟರ್. ಆಸ್ಪತ್ರೆಗೆ ಹೋಗಿಬಿಡೋಣ" ಎಂದು ಮೆಟ್ಟಿಲಿಳಿದು ಓಡಿದಳು. ಆಚೆ ಬುಗುರಿ ಪರೀಕ್ಷೆ ಮುಂದುವರಿಸುತ್ತಿದ್ದ. ಮಕ್ಕಳ ಕೂಗು ಕೇಳುತ್ತಿತ್ತು, ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಅಕ್ಕ ರಕ್ತ ತೊಳೆದು ಬಟ್ಟೆ ಒತ್ತಿ ಕಟ್ಟಿದಳು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಕಿರುಬೆರಳ ಸಂದಿಯಲ್ಲಿ ಇನ್ನೊಂದು ಗಾಯವಿತ್ತು. ಹಳೆಯದು, ಜಲ್ಲಿಕಲ್ಲಿನದು, ಕೀವು ಕಟ್ಟಿದ್ದು. ಅದು ಅಲ್ಲಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಸಣ್ಣಗೆ ಒಂದು ವಾಸನೆ ಎದ್ದಿತು. ಆ ವಾಸನೆ ಇಬ್ಬರಿಗೂ ಗೊತ್ತಿತ್ತು.

"ಸಕ್ಕರೆ ಮುಟ್ಟಿಲ್ಲ ಅಕ್ಕಾ ನಾನು," ಎಂದ ಅವನು. ದನಿ ದೂರು ಹೇಳುವ ಹುಡುಗನದಾಗಿತ್ತು. "ಒಂದು ದಿನಾನೂ ಮುಟ್ಟಿಲ್ಲ."

"ಗೊತ್ತು ಕಣೋ."

"ಅಪ್ಪ ದಿಂಬಿನ ಕೆಳಗೆ..."

"ಅಪ್ಪನಿಗೆ ಕಾಯಿಲೆ ಬಂದ ಮೇಲೆ ಆಸೆ ಹೆಚ್ಚಾಗಿದ್ದು. ತಿಂದು ತಿಂದು ಬಂದಿದ್ದಲ್ಲ. ನೀನು ಕೇಳೋಕೆ ಮನೇಲಿರ್ತಿರಲಿಲ್ಲ."

ಅವನು ಗೋಡೆಯ ಮೇಲಿದ್ದ ಗುರುಗಳನ್ನು ನೋಡಿದ. ಅವರು ಎಂದಿನಂತೆ ಎಲ್ಲೋ ಮೇಲಕ್ಕೆ ನೋಡುತ್ತಿದ್ದರು. "ಹಾಗಾದ್ರೆ ಇದು ಅಭ್ಯಾಸದಿಂದ ಬಂದಿದ್ದಲ್ವಾ?" ಎಂದ. ಕಾಲು ಉಳಿಯುತ್ತದಾ ಎಂದು ಕೇಳಬೇಕಿತ್ತು, ಆದರೆ ಅವನಿಗೆ ಮೊದಲು ಬೇಕಾದದ್ದು ಈ ಉತ್ತರ. ಇಷ್ಟು ವರ್ಷ ಯಾವುದಕ್ಕೆ ಕಾದನೋ ಅದು ಬಂದೇ ಇಲ್ಲ ಎಂದಾದರೆ ಆ ವರ್ಷಗಳನ್ನು ಎಲ್ಲಿಡುವುದು?

ಅಕ್ಕ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು. "ಕಣ್ಣು ಮುಚ್ಕೋ," ಎಂದಳು. "ಅಪ್ಪನಿಗೆ ಡಾಕ್ಟರ್ ಹೀಗೇ ಮಾಡಿ ನೋಡ್ತಿದ್ರು. ನಾನು ಬಲಗಾಲು ಮುಟ್ತೀನಿ. ಮುಟ್ಟಿದ ತಕ್ಷಣ ಹೇಳಬೇಕು."

ಬಲಗಾಲು! ಮಾಸ್ಟರಿಗೆ ಸ್ವಲ್ಪ ಧೈರ್ಯ ಬಂತು. ಪೆಟ್ಟಾಗಿದ್ದು ಎಡಗಾಲಿಗೆ, ಬಲಗಾಲು ಸರಿಯಾಗಿದೆ. ಕಣ್ಣು ಮುಚ್ಚಿದ. ಬೆನ್ನು ನೆಟ್ಟಗೆ ಮಾಡಿ ಉಸಿರನ್ನು ಹೊಟ್ಟೆಗೆ ಇಳಿಸಿದ. ಗಮನ ಕೊಡುವುದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅದೇ ಅವನ ವಿದ್ಯೆ. ತನ್ನ ಮನಸ್ಸನ್ನೆಲ್ಲ ತೆಗೆದುಕೊಂಡುಹೋಗಿ ಬಲಗಾಲಿನ ಬೆರಳ ತುದಿಯಲ್ಲಿ ಕೂರಿಸಿ ಕಾದ. ಆಚೆ ಮಕ್ಕಳು ಕೂಗುತ್ತಿದ್ದರು. ಕೆಳಗೆ ಗಾಳಿಯಂತ್ರ ಬುಸುಗುಟ್ಟಿ ನಿಂತಿತು. ಅಕ್ಕ ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಾಳೇನೋ. ಅವನು ಕಾದ. ಕಾಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

"ಶುರು ಮಾಡಕ್ಕಾ," ಎಂದ ಕೊನೆಗೆ.

ಮೂಗು ಎಳೆದ ಸದ್ದು ಕೇಳಿ ಕಣ್ಣು ಬಿಟ್ಟ.

ಅಕ್ಕ ನೆಲದ ಮೇಲೆ ಕೂತಿದ್ದಳು. ಅವನ ಬಲಪಾದವನ್ನು ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಬೆರಳುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಅವಳ ಕಣ್ಣೀರು ಅವನ ಪಾದದ ಮೇಲೆ ಬೀಳುತ್ತಿತ್ತು.

"ಯಾವಾಗಿಂದ ಹಿಡ್ಕೊಂಡಿದ್ದೀಯಾ?"

"ಆಗ್ಲಿಂದ," ಎಂದಳು ಅಕ್ಕ.

ಮಾಸ್ಟರ್ ಆ ಕೈಗಳನ್ನು ನೋಡುತ್ತಲೇ ಇದ್ದ. ಬಟ್ಟೆ ಒಗೆದು, ಗಾಯ ತೊಳೆದು ಸವೆದ ಕೈಗಳು. ಮನುಷ್ಯರು ಯಾರಾದರೂ ತನ್ನನ್ನು ಹೀಗೆ ಹಿಡಿದುಕೊಂಡು ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ. ಈಗ ಹಿಡಿದಿದ್ದಾರೆ, ಕಣ್ಣಿಗೆ ಕಾಣುತ್ತಿದೆ, ಅವನಿಗೆ ಮಾತ್ರ ತಲುಪುತ್ತಿಲ್ಲ. ಎದ್ದುಹೋದ ನೆಂಟ ಒಬ್ಬನೇ ಹೋಗಿರಲಿಲ್ಲ, ಬರಬೇಕಾದವರಿಗೂ ಬಾಗಿಲು ಹಾಕಿಕೊಂಡು ಹೋಗಿದ್ದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ನೋವು ಬೇಕೆನಿಸಿತು. ಹೇಗಾದರೂ ಸರಿ, ಒಂದು ಚೂರು ಬಂದುಬಿಡಲಿ ಎನಿಸಿತು.

"ಮೇಲೆ ಮುಟ್ಟು," ಎಂದ.

ಅಕ್ಕ ಒಂದು ಕೈಯನ್ನು ಹಿಮ್ಮಡಿಯಿಂದ ಮೇಲೆ ಸರಿಸಿದಳು. "ಇಲ್ಲಿ?"

"ಇಲ್ಲ."

ಇನ್ನೂ ಮೇಲೆ, ಬಾಟಲಿ ಉರುಳಿಸಿ ಉರುಳಿಸಿ ಗಂಟುಗಂಟಾದ ಮುಂಗಾಲಿನ ಮೇಲೆ. "ಇಲ್ಲಿ?"

"ಇಲ್ಲಕ್ಕಾ."

ಇನ್ನೂ ಮೇಲೆ. ಮಂಡಿಯ ಕೆಳಗೆ, ಮೀನಖಂಡ ಮುಗಿಯುವ ಕಡೆ, ಅವನಿಗೆ ಏನೋ ಬಿಸಿ ತಾಗಿತು. ಒದ್ದೆಯಾದ, ಒರಟಾದ, ಬಿಸಿ ಅಂಗೈ.

"ಈಗ," ಎಂದ.

ಅಕ್ಕ ತಲೆಯೆತ್ತಿದಳು. ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು, ಹಿರಿಯ ಶಿಷ್ಯೆ ಮೆಟ್ಟಿಲು ಹತ್ತುತ್ತ ಕೂಗುತ್ತಿದ್ದಳು. ಅಕ್ಕ ಏಳಲೆಂದು ಕೈ ತೆಗೆಯಹೋದಳು. ಮಾಸ್ಟರ್ ಅದರ ಮೇಲೆ ತನ್ನ ಕೈಯಿಟ್ಟು ಒತ್ತಿಹಿಡಿದ.

"ತೆಗೀಬೇಡ," ಎಂದ. "ಸ್ವಲ್ಪ ಹೊತ್ತು ಅಲ್ಲೇ ಇರಲಿ."